ಮೊದಲು ಕೇಳಬೇಕಾದವರು

ಬಾಸ್ಕೆಟ್‌ಬಾಲ್ ಸೀಸನ್ ಮುಗಿದ ಮೇಲಿನ ಮೊದಲ ಭಾನುವಾರ ನಮ್ಮ ತಂಡದ ಅಮೆರಿಕನ್ ಆಟಗಾರ ಬಾಗಿಲಿಗೆ ತಲೆ ಬಗ್ಗಿಸಿ ನನ್ನ ಆಫೀಸಿನೊಳಗೆ ಬಂದ. ಮೂರು ವರ್ಷದಲ್ಲಿ ಅದೇ ಚೌಕಟ್ಟಿಗೆ ಎಷ್ಟೋ ಸಲ ಹಣೆ ಬಡಿಸಿಕೊಂಡು ಕಲಿತ ಪಾಠ ಅದು. ಕ್ಲಬ್ಬಿನಲ್ಲಿ ಎಲ್ಲರೂ ಅವನನ್ನು ತವೀಲ್ ಎಂದೇ ಕರೆಯುತ್ತಿದ್ದರು. ಅರಬಿಯಲ್ಲಿ ಉದ್ದದವ ಎಂದರ್ಥ. ಅವನು ಬಾಗಿಲು ಹಾಕಿಕೊಂಡು ನನ್ನೆದುರಿನ ಕುರ್ಚಿಯಲ್ಲಿ ಕೂತ.

"ಬ್ರದರ್, ನನಗೊಂದು ಪ್ರಕಟಣೆ ಬರೆದುಕೊಡಬೇಕು. ಅದು ತಯಾರಾಗ್ತಾ ಇದೆ ಅನ್ನೋದು ಸದ್ಯಕ್ಕೆ ಯಾರಿಗೂ ಗೊತ್ತಾಗಬಾರದು," ಎಂದ.

ನಾನು ದೋಹಾದ ಒಂದು ಕ್ಲಬ್ಬಿನಲ್ಲಿ ಬಾಸ್ಕೆಟ್‌ಬಾಲ್ ವಿಭಾಗದ ಸೆಕ್ರೆಟರಿಯಾಗಿದ್ದೆ. ಹೆಸರು ದೊಡ್ಡದು, ಕೆಲಸ ಗುಮಾಸ್ತನದು. ಆಟಗಾರರ ವೀಸಾ, ಟಿಕೆಟ್, ಪತ್ರವ್ಯವಹಾರ, ಫ್ಯಾಕ್ಸ್ ಎಲ್ಲ ನನ್ನ ಮೇಜಿನ ಮೇಲಿಂದಲೇ ಹೋಗುತ್ತಿದ್ದವು. ಚೆಂಡನ್ನು ಕೈಯಲ್ಲಿ ಹಿಡಿದದ್ದು ಒಂದೇ ಸಲ, ಅದೂ ಗೋದಾಮಿನ ಲೆಕ್ಕ ತೆಗೆಯುವಾಗ. ಆದರೂ ತೊಂಬತ್ತರ ದಶಕದ ಆ ಬೇಸಿಗೆಯಲ್ಲಿ ಊರಿನ ಕ್ರೀಡಾಪುಟಗಳೆಲ್ಲ ಕಾಯುತ್ತಿದ್ದ ಸುದ್ದಿ ಐದು ದಿನ ನನ್ನೊಬ್ಬನ ಡ್ರಾಯರಿನಲ್ಲಿತ್ತು.

ತವೀಲನ ಕರಾರು ಮುಗಿದಿತ್ತು. ಮುಂದೆ ಎಲ್ಲಿ ಆಡಬೇಕೆಂಬುದು ಅವನ ಇಷ್ಟ, ಅದೇ ಊರಿನ ಬೇರೆ ಕ್ಲಬ್ಬಿಗೆ ಹೋಗುವುದಾದರೆ ಮಾತ್ರ ನಮ್ಮ ಬಿಡುಗಡೆ ಪತ್ರ ಬೇಕು. ನಮ್ಮ ಕ್ಲಬ್ಬಿನ ಹೊಸ ಕರಾರು ಸಹಿಗೆ ಕಾಯುತ್ತಿತ್ತು. ಅದೇ ಊರಿನ ಎದುರಾಳಿ ಕ್ಲಬ್ಬು ನಮಗಿಂತ ಹೆಚ್ಚು ಕೊಡಲು ತಯಾರಿತ್ತು. ಎಲ್ಲರೂ ಈ ಎರಡರಲ್ಲಿ ಯಾವುದು ಎಂದು ಚರ್ಚಿಸುತ್ತಿದ್ದರೆ, ಅವನು ನನಗೆ ಹೇಳಿದ್ದು ಮೂರನೆಯದನ್ನು.

"ನಾನು ಮನೆಗೆ ಹೋಗ್ತೇನೆ. ಆಟ ಸಾಕು. ನಾನು ಓದಿದ ಶಾಲೆಯಲ್ಲಿ ಕೋಚ್ ಕೆಲಸ ಇದೆ. ನನ್ನ ಮಗ ಈಗ ತಂಡದಲ್ಲಿ ಆಡ್ತಾನೆ. ಅವನ ಒಂದು ಮ್ಯಾಚನ್ನೂ ನಾನು ನೋಡಿಲ್ಲ."

ನಾನು ನೋಟ್‌ಬುಕ್ಕಿನಲ್ಲಿ ಶೀಘ್ರಲಿಪಿಯಲ್ಲಿ ಬರೆದುಕೊಂಡೆ. ಮನೆಗೆ ಹೋಗುತ್ತೇನೆ ಎಂಬುದಕ್ಕೆ ಶೀಘ್ರಲಿಪಿಯಲ್ಲಿ ಎರಡೇ ಗೀಟು ಸಾಕು. ಬರೆಯುವಾಗ ನನಗೆ ಅಸೂಯೆಯಾಯಿತು, ಸುಳ್ಳು ಹೇಳುವುದಿಲ್ಲ.

ಯಾಕೆಂದರೆ ಹಿಂದಿನ ವಾರವಷ್ಟೇ ನಾನು ಇನ್ನೆರಡು ವರ್ಷಕ್ಕೆ ಸಹಿ ಹಾಕಿದ್ದೆ. ನನ್ನ ಮನೆ ಕರಾವಳಿಯ ಶಿರ್ವದಲ್ಲಿ. ಹೆಂಡತಿ, ಎಂಟು ವರ್ಷದ ಮಗಳು, ನನ್ನ ತಾಯಿ ಅಲ್ಲಿ. ನನ್ನ ದರ್ಜೆಯವರಿಗೆ ಫ್ಯಾಮಿಲಿ ವೀಸಾ ಇರಲಿಲ್ಲ. ಮೇ ಕೊನೆಗೆ ಇಗರ್ಜಿಯಲ್ಲಿ ಮಗಳ ಫಸ್ಟ್ ಕಮ್ಯೂನಿಯನ್, ಮೊದಲ ಸಲ ಪ್ರಸಾದ ತೆಗೆದುಕೊಳ್ಳುವ ದೊಡ್ಡ ದಿನ. ಅಷ್ಟರೊಳಗೆ ಎಲ್ಲ ಮುಗಿಸಿ ಊರಿಗೇ ಬಂದುಬಿಡುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಹೀಗಿರುವಾಗ ನಮ್ಮ ವಿಭಾಗದ ಮುಖ್ಯಸ್ಥರು ಕಾರಿಡಾರಿನಲ್ಲಿ ನಡೆಯುತ್ತಲೇ, "ಇನ್ನೆರಡು ವರ್ಷ, ಅಲ್ವಾ?" ಎಂದು ಕೇಳಿದರು. ನಾನೂ ನಡೆಯುತ್ತಲೇ "ಯೆಸ್ ಸರ್" ಅಂದುಬಿಟ್ಟೆ. ಊರಿಗೆ ಹೋಗಿ ಮಾಡುವುದೇನು ಎಂಬ ಹೆದರಿಕೆ ಒಳಗಿತ್ತು. ಯೆಸ್ ಸರ್ ಎಂದು ಹೇಳಿ ಹೇಳಿ ನಾಲಿಗೆಗೆ ಬೇರೆ ದಾರಿ ಮರೆತದ್ದೂ ನಿಜ. ಹೆಂಡತಿಗೆ ಈ ವಿಷಯವನ್ನು ನಾನಿನ್ನೂ ಹೇಳಿರಲಿಲ್ಲ.

ತವೀಲನ ಮೊದಲ ಬೇಡಿಕೆ ಒಂದು ಪಟ್ಟಿ. ಯಾರಿಗೆ ಯಾವ ಕ್ರಮದಲ್ಲಿ ಹೇಳಬೇಕು ಎಂಬ ಪಟ್ಟಿ. ಒಂದು, ಮುದೀರ್. ವಿಭಾಗದ ಮುಖ್ಯಸ್ಥರನ್ನು ನಾವು ಹಾಗೆ ಕರೆಯುತ್ತಿದ್ದೆವು. ಎರಡು, ತಂಡದವರು. ಮೂರು, ಶನಿವಾರ ಸಂಜೆ ಅವನ ಹತ್ತಿರ ಆಟ ಕಲಿಯಲು ಬರುವ ಮಕ್ಕಳು. ಪತ್ರಿಕೆಯವರು, ಬೇರೆ ಕ್ಲಬ್ಬುಗಳು ಎಲ್ಲ ಕೊನೆಗೆ, ಫ್ಯಾಕ್ಸಿನಲ್ಲಿ.

"ಸಾಧಾರಣ ಪತ್ರಿಕೆಯವರಿಗೇ ಮೊದಲು ಹೇಳುವುದಲ್ಲವಾ?" ಎಂದು ಕೇಳಿದೆ.

"ಒಮ್ಮೆ ಹಾಗೆ ಮಾಡಿದ್ದೆ. ಕಾಲೇಜು ಬಿಡುವಾಗ. ನನ್ನ ಕೋಚ್ ಬೆಳಿಗ್ಗೆ ಪೇಪರಿನಲ್ಲಿ ಓದಿದರು. ಆಮೇಲೆ ಅವರು ಸಾಯೋವರೆಗೂ ನನ್ನ ಜೊತೆ ಮಾತಾಡಲಿಲ್ಲ. ಯಾರಿಗೆ ಹೆಚ್ಚು ನೋವಾಗ್ತದೋ ಅವರು ಮೊದಲು ಕೇಳಬೇಕು. ನಮ್ಮ ಬಾಯಿಂದಲೇ ಕೇಳಬೇಕು."

ಮುದೀರ್ ಕತಾರಿನವರು, ತಾವೇ ಹಿಂದೆ ಆಟಗಾರರು. ಅವರ ನೌಕರಿ ದೂರದ ದುಖಾನಿನಲ್ಲಿ, ತೈಲ ಕಂಪನಿಯಲ್ಲಿ. ವಾರದ ಕೊನೆಗಷ್ಟೇ ಅಲ್ ರಯ್ಯಾನಿನ ಮನೆಗೆ ಬರುವರು. ಫೋನಿನಲ್ಲಿ ಹೇಳುವುದು ತವೀಲನಿಗೆ ಬೇಡವಾಗಿತ್ತು. ಶುಕ್ರವಾರ ಅವರ ಮನೆಗೆ ಹೋಗಿ ಹೇಳುವುದು, ಶನಿವಾರ ಹೋಟೆಲಿನ ಹಾಲ್‌ನಲ್ಲಿ ಪತ್ರಿಕಾಗೋಷ್ಠಿ ಎಂದು ತೀರ್ಮಾನವಾಯಿತು. ನಾನು ಹಾಲ್ ಗೊತ್ತುಮಾಡಿದೆ.

ಎರಡು ದಿನ ಕರಡು ತಿದ್ದಿದೆವು. ನನ್ನ ಮೊದಲ ಕರಡು ಎರಡು ಪುಟ. ಬೀಳ್ಕೊಡುಗೆ ಸಮಾರಂಭದ ಮಾನಪತ್ರದ ಹಾಗೆ ಅದರಲ್ಲಿ ಎಲ್ಲವೂ ಇತ್ತು, ಸುದ್ದಿಯೊಂದನ್ನು ಬಿಟ್ಟು. ತವೀಲ್ ಪೆನ್ನು ತೆಗೆದು ಗೀಟು ಹೊಡೆಯುತ್ತಾ ಹೋದ. "ಭಾರವಾದ ಹೃದಯದಿಂದ" ಹೋಯಿತು. "ಸಂದರ್ಭ ಒದಗಿದರೆ ಮರಳಿ ಬರುವೆ" ಹೋಯಿತು. ಬರುವುದಿಲ್ಲ ಎಂದು ಗೊತ್ತಿದ್ದೂ ಹಾಗೆ ಬರೆದರೆ ಮಕ್ಕಳು ಕಾಯುತ್ತಾರೆ ಎಂದ. ಎದುರಾಳಿ ಕ್ಲಬ್ಬಿನ ಹೆಸರು ಎತ್ತಲೇ ಕೂಡದು. ಅವರನ್ನು ಬೇಡವೆಂದೆ ಎಂದು ಹೇಳಿಕೊಳ್ಳುವುದೂ ಜಂಬವೇ. ಸುದ್ದಿ ಮೊದಲ ವಾಕ್ಯದಲ್ಲಿರಬೇಕು, ಕಾರಣ ಎರಡನೆಯದರಲ್ಲಿ, ಕೃತಜ್ಞತೆ ಆಮೇಲೆ. ಕೊನೆಗೆ ಉಳಿದದ್ದು ಐದು ವಾಕ್ಯ. ಅದನ್ನು ಎಲೆಕ್ಟ್ರಿಕ್ ಟೈಪ್‌ರೈಟರಿನಲ್ಲಿ ಒಂದೂ ವೈಟ್ನರ್ ಕಲೆಯಿಲ್ಲದೆ ಟೈಪ್ ಮಾಡಿದೆ. ಅರಬಿ ಪ್ರತಿಯನ್ನು ಶನಿವಾರ ಬೆಳಿಗ್ಗೆಯೇ ಮಾಡಿಸುವುದೆಂದು ಇಟ್ಟುಕೊಂಡೆ. ಗೋಡೆಗೂ ಕಿವಿಯುಂಟಲ್ಲ.

ಮಂಗಳವಾರ ನನ್ನ ರೂಮಿನ ಸಂಗಾತಿ ರಜೆಯಲ್ಲಿ ಊರಿಗೆ ಹೊರಟರು. ನಜ್ಮಾ ಬಡಾವಣೆಯಲ್ಲಿ ಅಂಗಡಿಗಳ ಮೇಲಿನ ಒಂದು ಕೋಣೆಯಲ್ಲಿ ನಾವಿಬ್ಬರೂ ಆರು ವರ್ಷ ಒಟ್ಟಿಗಿದ್ದವರು. ಅವರು ಉಚ್ಚಿಲದ ಬ್ಯಾರಿ, ಟೈಲರ್, ನನಗಿಂತ ಹಿರಿಯರು. ಮಗಳ ಕಮ್ಯೂನಿಯನ್ನಿನ ಬಿಳಿ ಫ್ರಾಕನ್ನು ಅವರೇ ಹೊಲಿದಿದ್ದರು, ಹೆಂಡತಿ ಕಾಗದದಲ್ಲಿ ಬರೆದು ಕಳಿಸಿದ ಅಳತೆ ನೋಡಿ. ಷೂಗೆ ಮಾತ್ರ ಮಗಳ ಪಾದವನ್ನೇ ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೀಚಿ ಕಳಿಸುವುದು ನಮ್ಮವರ ರೂಢಿ. ಅಂಥ ನಾಲ್ಕು ವರ್ಷದ ಪಾದಗಳು ನನ್ನ ಟ್ರಂಕಿನಲ್ಲಿದ್ದವು. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಮಗು ಎಷ್ಟು ಬೆಳೆದಿದೆ ಎಂದು ಕಾಣುತ್ತಿತ್ತು. ನಾನು ಮಗಳನ್ನು ಬೆಳೆಸಿದ್ದು ಹಾಗೆ, ಕಾಗದದ ಮೇಲೆ. ಎಷ್ಟೋ ಶುಕ್ರವಾರ ಅವನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದೆ.

ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾ ಟೈಲರ್ ಕೇಳಿದರು.

"ಶನಿವಾರ ಬೆಳಿಗ್ಗೆ ಶಿರ್ವಕ್ಕೆ ಹೋಗಿ ಫ್ರಾಕು ಕೊಟ್ಟು ಬರ್ತೇನೆ. ಎರಡು ವರ್ಷದ ವಿಷಯ ಮನೆಯಲ್ಲಿ ಗೊತ್ತುಂಟಲ್ಲಾ?"

"ಶುಕ್ರವಾರ ಫೋನಿನಲ್ಲಿ ಹೇಳ್ತೇನೆ."

"ಹೇಳಿ ಮಾರಾಯ್ರೇ. ಅವರು ಕೇಳದೆ ಇರುದಿಲ್ಲ, ನನಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ."

"ಶುಕ್ರವಾರ ಗ್ಯಾರಂಟಿ," ಎಂದೆ. ಪಾರ್ಸೆಲ್ ತಂದವರನ್ನು ಕೂರಿಸಿ, ಚಾ ಕೊಟ್ಟು, ನಮ್ಮವರು ಹೇಗಿದ್ದಾರೆ, ಯಾವಾಗ ಬರುತ್ತಾರೆ ಎಂದು ಕೇಳದ ಮನೆ ನಮ್ಮ ಕಡೆ ಇಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಬುಧವಾರ ನಾನು ತಪ್ಪು ಮಾಡಿದೆ. ಶನಿವಾರ ಫ್ಯಾಕ್ಸ್ ಕಳಿಸುವಾಗ ಗಡಿಬಿಡಿಯಾಗಬಾರದೆಂದು ನಂಬರುಗಳನ್ನೆಲ್ಲ ಮೊದಲೇ ಒಟ್ಟುಮಾಡುತ್ತಿದ್ದೆ. ಎದುರಾಳಿ ಕ್ಲಬ್ಬಿನ ನಂಬರು ಬದಲಾಗಿತ್ತು. ಅಲ್ಲಿನ ಸೆಕ್ರೆಟರಿ ಒಬ್ಬ ಮಲಯಾಳಿ, ನನ್ನ ಹಾಗೇ ಗುಮಾಸ್ತ. ನಾವು ಗುಮಾಸ್ತರು ಕಾರ್ಬನ್ ಪೇಪರಿನಿಂದ ಹಿಡಿದು ವೀಸಾ ಫಾರ್ಮಿನವರೆಗೆ ಸಾಲ ಕೊಟ್ಟು ತೆಗೆದುಕೊಂಡು ಬದುಕುವವರು. ಫೋನ್ ಮಾಡಿ ನಂಬರು ಕೇಳಿದೆ, ಅವನು ಕೊಟ್ಟ. ಮೂರು ವರ್ಷದಲ್ಲಿ ಎಂದೂ ತಮಗೆ ಫ್ಯಾಕ್ಸ್ ಕಳಿಸದ ಕ್ಲಬ್ಬು ಈ ವಾರ ಯಾಕೆ ನಂಬರು ಕೇಳುತ್ತಿದೆ ಎಂದು ಅವನು ಯೋಚಿಸಿದ. ಆಟಗಾರನ ಬಿಡುಗಡೆ ಪತ್ರವೇ ಬರುವುದಿರಬೇಕು ಎಂದು ಲೆಕ್ಕ ಹಾಕಿದ, ಯಾರ ಹತ್ತಿರವೋ ಹೇಳಿಯೂ ಬಿಟ್ಟ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಗುರುವಾರ ಬೆಳಿಗ್ಗೆ ಅರಬಿ ಪತ್ರಿಕೆಯ ಕ್ರೀಡಾಪುಟದಲ್ಲಿ ತವೀಲನ ದೊಡ್ಡ ಫೋಟೋ. ನಮ್ಮ ಅರಬಿ ಟೈಪಿಸ್ಟ್ ಓದಿ ಹೇಳಿದ: ತವೀಲ್ ಎದುರಾಳಿ ಕ್ಲಬ್ಬಿಗೆ, ಕಾಗದಪತ್ರ ಸಿದ್ಧ. ಅವನು ಓದಿ ಮುಗಿಸುವ ಮೊದಲೇ ಫೋನ್ ಬಂತು. ಮುದೀರ್.

"ನಿನಗೆ ಗೊತ್ತಿತ್ತಾ?"

"ಅದು ಸುಳ್ಳು, ಸರ್."

"ಹಾಗಾದರೆ ನಿಜ ಯಾವುದು?"

 ನಿಜವನ್ನು ಹೇಳುವ ಹಕ್ಕು ನನ್ನದಾಗಿರಲಿಲ್ಲ.

"ಅವನ ಪಾಸ್‌ಪೋರ್ಟ್ ಎಲ್ಲಿದೆ?"

"ನನ್ನ ಕಪಾಟಿನಲ್ಲಿ, ಸರ್."

"ಅಲ್ಲೇ ಇರಲಿ. ನನ್ನ ಸಹಿ ಇಲ್ಲದೆ ಒಂದು ಕಾಗದವೂ ಹೊರಗೆ ಹೋಗಕೂಡದು. ಖಲಾಸ್."

ಆ ದಿನಗಳಲ್ಲಿ ದೇಶ ಬಿಡಬೇಕಾದರೆ ಕೆಲಸಕ್ಕಿಟ್ಟುಕೊಂಡವರ ಒಪ್ಪಿಗೆಯ ಎಕ್ಸಿಟ್ ಪರ್ಮಿಟ್ ಬೇಕಿತ್ತು. ಮುದೀರ್ ಸಹಿ ಹಾಕದಿದ್ದರೆ ತವೀಲನ ಐದು ವಾಕ್ಯ ನನ್ನ ಡ್ರಾಯರಿನಲ್ಲೇ ಉಳಿಯುತ್ತಿತ್ತು, ಅವನ ಮಗನ ಮ್ಯಾಚು ಅವನಿಲ್ಲದೆಯೇ ನಡೆಯುತ್ತಿತ್ತು.

ಮಧ್ಯಾಹ್ನ ತವೀಲ್ ಬಂದಾಗ ಅವನ ಚಿಂತೆ ಪಾಸ್‌ಪೋರ್ಟಿನದಲ್ಲ. "ಅವರು ಪೇಪರಿನಲ್ಲಿ ಓದಿದರು," ಎಂದು ಎರಡು ಸಲ ಹೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ನಾನು ಕೇಳದೆಯೇ ಫ್ಯಾಕ್ಸ್ ನಂಬರಿನ ಕಥೆಯನ್ನೆಲ್ಲ ಒಪ್ಪಿಸಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಬೈಯಲಿಲ್ಲ.

"ಹೋಟೆಲ್ ಕ್ಯಾನ್ಸಲ್ ಮಾಡು. ಮೈಕು, ಮೇಜು ಒಂದೂ ಬೇಡ. ನಾಳೆ ರಯ್ಯಾನಿಗೆ ನೀನೂ ನನ್ನ ಜೊತೆ ಬರಬೇಕು."

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಮುದೀರರ ಮನೆಗೆ ಹೋದೆವು. ಅತಿಥಿಗಳಿಗೆಂದೇ ಇರುವ ಮಜ್ಲಿಸ್ ಕೋಣೆಯಲ್ಲಿ ಅವರೊಬ್ಬರೇ ಕೂತಿದ್ದರು. ಸಲಾಂ ಹೇಳಿದೆವು, ಅವರೂ ಹೇಳಿದರು. ಮುಖದಲ್ಲಿ ನಗುವಿರಲಿಲ್ಲ. ಆದರೂ ಮನೆಗೆ ಬಂದವರು ಮನೆಗೆ ಬಂದವರೇ. ತಾವೇ ಎದ್ದು ಏಲಕ್ಕಿ ಹಾಕಿದ ಅರಬಿ ಕಾಫಿ ಗಹ್ವಾವನ್ನು ಸಣ್ಣ ಬಟ್ಟಲಿಗೆ ಬಗ್ಗಿಸಿ ಕೊಟ್ಟರು. ತವೀಲ್ ಬಟ್ಟಲು ತೆಗೆದುಕೊಂಡು, ಕುಡಿಯದೆ ಮುಂದಿನ ನೆಲಹಾಸಿನ ಮೇಲಿಟ್ಟ.

 ಅಲ್ಲಿನ ಹಳೆಯ ಪದ್ಧತಿಯೊಂದಿದೆ. ಅತಿಥಿ ಗಹ್ವಾ ಕುಡಿಯದೆ ಕೆಳಗಿಟ್ಟನೆಂದರೆ ಅವನು ಏನನ್ನೋ ಕೇಳಲು ಬಂದಿದ್ದಾನೆ, ಕೊಡುತ್ತೇನೆಂದು ಹೇಳುವವರೆಗೆ ಕುಡಿಯುವುದಿಲ್ಲ ಎಂದರ್ಥ. ಇಲ್ಲ ಎನ್ನುವುದು ಮನೆಯವನಿಗೆ ಅವಮಾನ. ತವೀಲನಿಗೆ ಇದು ಗೊತ್ತಿರಲಿಲ್ಲ. ಮೊದಲು ಮಾತು ಮುಗಿಸೋಣವೆಂದು ಇಟ್ಟಿದ್ದ ಅಷ್ಟೆ. ಮುದೀರ್ ಬಟ್ಟಲನ್ನು ನೋಡಿದರು, ಅವನನ್ನು ನೋಡಿದರು.

"ಕುಡಿ. ಕೇಳಿದ್ದು ನಿನ್ನದಾಯಿತು. ಬಿಡುಗಡೆ ತಾನೆ ಬೇಕು? ಆ ಕ್ಲಬ್ಬಿಗೆ ಹೋಗು," ಎಂದರು. ಆ ಧ್ವನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು.

"ನಾನು ಕೇಳೋದಕ್ಕೆ ಬರಲಿಲ್ಲ," ಎಂದ ತವೀಲ್. "ಹೇಳೋದಕ್ಕೆ ಬಂದೆ. ನಾನು ಯಾವ ಕ್ಲಬ್ಬಿಗೂ ಹೋಗ್ತಾ ಇಲ್ಲ. ಮನೆಗೆ ಹೋಗ್ತಾ ಇದ್ದೇನೆ. ಇದನ್ನ ನೀವು ಎಲ್ಲರಿಗಿಂತ ಮೊದಲು, ನನ್ನಿಂದ ಕೇಳಬೇಕಿತ್ತು. ತಡವಾಯಿತು. ತಪ್ಪು ನನ್ನದು."

"ತಪ್ಪು ನನ್ನದು ಸರ್," ಎಂದು ನಾನು ನಡುವೆ ಬಾಯಿ ಹಾಕಿ ನಂಬರಿನ ವಿಷಯ ಹೇಳಿದೆ. ಮುದೀರ್ ಅದನ್ನು ಕಿವಿಗೆ ಹಾಕಿಕೊಂಡರೋ ಇಲ್ಲವೋ. ಅವರು ತವೀಲನನ್ನೇ ನೋಡುತ್ತಿದ್ದರು. "ಮಗ ಯಾವ ಜಾಗದಲ್ಲಿ ಆಡ್ತಾನೆ?" ಎಂದು ಕೇಳಿದರು. ಅಲ್ಲಿಂದ ಒಂದು ಗಂಟೆ ಅವರಿಬ್ಬರೂ ಮಗನ ಆಟವನ್ನೇ ಮಾತಾಡಿದರು. ತಣ್ಣಗಾದ ಗಹ್ವಾ ಚೆಲ್ಲಿ ಮುದೀರ್ ಹೊಸದು ಬಗ್ಗಿಸಿದರು, ತವೀಲ್ ಮೂರು ಬಟ್ಟಲು ಕುಡಿದ. ಹೊರಡುವಾಗ ಅವನನ್ನು ತಬ್ಬಿಕೊಳ್ಳಲು ಹೋದ ಮುದೀರರ ತಲೆ ಅವನ ಎದೆಗಷ್ಟೇ ಬಂತು. ನನ್ನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ನಾನು ದುಖಾನಿಗೆ ಹೊರಡುವ ಮೊದಲು ಎಕ್ಸಿಟ್ ಪರ್ಮಿಟ್ ತಾ, ಸಹಿ ಹಾಕುತ್ತೇನೆ. ಯಲ್ಲಾ, ಹೊರಡಿ," ಎಂದರು.

ಕಾರಿನಲ್ಲಿ ತವೀಲ್ ಹಗುರಾಗಿ ಸಿಳ್ಳೆ ಹಾಕುತ್ತಿದ್ದ. ಸುಮ್ಮನಿದ್ದ ನನ್ನನ್ನು ಏನೆಂದು ಕೇಳಿದ. ನನ್ನ ಎರಡು ವರ್ಷದ ಕಥೆ ಹೇಳಿದೆ. ಹೆಂಡತಿಗಿನ್ನೂ ಗೊತ್ತಿಲ್ಲ ಎಂದಾಗ ಸಿಳ್ಳೆ ನಿಂತಿತು. ಅವನು ಉಪದೇಶ ಮಾಡಲಿಲ್ಲ. ನಜ್ಮಾದಲ್ಲಿ ನನ್ನ ರೂಮಿನ ಮುಂದೆ ನಿಲ್ಲಿಸುವ ಬದಲು ಟೆಲಿಫೋನ್ ಬೂತಿನ ಪಕ್ಕ ನಿಲ್ಲಿಸಿದ.

ಶುಕ್ರವಾರ ಸಂಜೆ ಬೂತಿನ ಮುಂದೆ ಯಾವಾಗಲೂ ಉದ್ದ ಸಾಲು. ಇಸ್ತ್ರಿ ಹಾಕಿದ ಅಂಗಿ ತೊಟ್ಟು, ತಲೆ ಬಾಚಿ, ಯಾರೋ ಎದುರಿಗೇ ನೋಡುತ್ತಾರೆ ಎಂಬಂತೆ ಸಿಂಗರಿಸಿಕೊಂಡು ಬಂದ ಗಂಡಸರು. ನನ್ನ ಸರದಿ ಬಂದಾಗ ಕಾರ್ಡ್ ಹಾಕಿ ನಂಬರು ಒತ್ತಿದೆ. ಶುಕ್ರವಾರ ಫೋನ್ ಎತ್ತುವವಳು ಮಗಳು. ಒಂದೇ ರಿಂಗಿಗೆ ಎತ್ತಿ, "ಪಪ್ಪಾ, ಟಿಕೆಟ್ ಆಯ್ತಾ?" ಎಂದಳು. ನಮ್ಮ ಮನೆಮಾತು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಫ್ರಾಕು ಬರ್ತಾ ಉಂಟು ಮಗಾ, ಹಿಂದೆ ಉದ್ದ ಸಾಲು ಉಂಟು, ನಾಳೆ ಮಾಡ್ತೇನೆ," ಎಂದು ಇಟ್ಟುಬಿಟ್ಟೆ. ಸಾಲು ಇದ್ದದ್ದು ನಿಜ. ಆದರೆ ನಾನು ಇಟ್ಟದ್ದು ಸಾಲಿಗಾಗಿ ಅಲ್ಲ. ಅವಳ ಧ್ವನಿ ಕೇಳಿ ಮೈಯೆಲ್ಲ ಊರಿಗೆ ಹೊರಟು ನಿಂತಿತ್ತು, ಆ ಹೊತ್ತಿನಲ್ಲಿ ಬರುವುದಿಲ್ಲ ಎಂಬ ಮಾತು ಬಾಯಿಗೆ ಬರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

ಶನಿವಾರ ಎಲ್ಲ ಪಟ್ಟಿಯ ಕ್ರಮದಲ್ಲೇ ನಡೆಯಿತು. ಮುದೀರ್ ಸಹಿ ಹಾಕಿದರು. ಮೂರು ಗಂಟೆಗೆ ತವೀಲ್ ತಂಡದವರನ್ನು ಕೂರಿಸಿಕೊಂಡು ಹೇಳಿದ. ನಾಲ್ಕಕ್ಕೆ ಮಕ್ಕಳಿಗೆ. ಅವರಲ್ಲೊಬ್ಬ, "ಹಾಗಾದರೆ ಮುಂದಿನ ಶನಿವಾರ?" ಎಂದು ಕೇಳಿದನಂತೆ. ಮುಂದಿನ ಶನಿವಾರ ನಾನು ಇರುವುದಿಲ್ಲ ಎಂದು ತವೀಲ್ ನೆಲದ ಮೇಲೆ ಕೂತು, ಅವರ ಎತ್ತರಕ್ಕೆ ಬಂದು ಹೇಳಿದನಂತೆ. ಐದು ಗಂಟೆಗೆ ನಾನು ಫ್ಯಾಕ್ಸಿನ ಮುಂದೆ ನಿಂತೆ. ಏಳು ನಂಬರು. ಹಾಳೆ ಒಳಗೆ ಹೋಗುವುದು, ಆಚೆಯ ಯಂತ್ರ ಕಿರುಗುಟ್ಟುವುದು, ತಲುಪಿತೆಂಬ ಚೀಟಿ ಹೊರಗೆ ಬರುವುದು. ಒಂದೊಂದು ಸಲವೂ ಆ ಮೊದಲ ವಾಕ್ಯ ನನ್ನ ಕಣ್ಣೆದುರು ಇಳಿದು ಹೋಗುತ್ತಿತ್ತು: ನಾನು ಮನೆಗೆ ಹೋಗುತ್ತಿದ್ದೇನೆ. ಏಳನೆಯ ಸಲಕ್ಕೆ ಅದನ್ನು ನೋಡಲಾಗದೆ ಮುಖ ತಿರುಗಿಸಿಕೊಂಡೆ.

ಆರು ಗಂಟೆಗೆ ಬೂತಿನಲ್ಲಿದ್ದೆ. ಊರಿನಲ್ಲಿ ಆಗ ಎಂಟೂವರೆ. ಈ ಸಲ ಎತ್ತಿದವಳು ಹೆಂಡತಿ.

"ಟೈಲರ್ ಬೆಳಿಗ್ಗೆ ಬಂದು ಹೋದ್ರು. ಫ್ರಾಕು ಸರಿಯಾಗಿ ಕೂತಿದೆ. ತೋಳು ಮಾತ್ರ ಸ್ವಲ್ಪ ಉದ್ದ," ಎಂದಳು.

"ಅವರು ಎಂತಾದ್ರೂ ಹೇಳಿದ್ರಾ?"

"ಹೇಳಿದ್ರು. ಚಾ ಕುಡಿಯುವಾಗ. ನಿಮ್ಮ ಅಮ್ಮ ಇದ್ರು, ಪಕ್ಕದ ಮನೆಯವರು ಫ್ರಾಕು ನೋಡ್ಲಿಕ್ಕೆ ಬಂದವರೂ ಇದ್ರು. ಇನ್ನೆರಡು ವರ್ಷ ಅಲ್ವಾ, ಬೇಗ ಕಳೀತದೆ ಬಿಡಿ ಅಂತ ನನಗೆ ಸಮಾಧಾನ ಹೇಳಿದ್ರು ಪಾಪ."

ನಾನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

"ಹೌದು, ನನಗೆ ನಿನ್ನೆಯೇ ಫೋನಿನಲ್ಲಿ ಹೇಳಿದ್ದಾರೆ ಅಂದೆ," ಎಂದಳು. "ಅಷ್ಟು ಜನರ ಎದುರು ಮತ್ತೆಂತ ಹೇಳುವುದು? ಇನ್ನೊಂದು ಬಿಸ್ಕೆಟ್ ತಕೊಳ್ಳಿ ಅಂದೆ."

"ನಾನು ನಿನ್ನೆ..."

"ಅದು ಬೇಡ. ಮಗು ಮಲಗಿದೆ. ಅಮ್ಮ ಒಳಗೆ ಜಪಮಾಲೆ ಹಿಡಿದು ತೇರ್ಸ ಮಾಡ್ತಾ ಇದ್ದಾರೆ. ಇಲ್ಲಿ ನಾನೊಬ್ಬಳೇ ಇರುವುದು. ನನಗೆ ಯಾರೂ ಎಂತದೂ ಹೇಳ್ಲಿಲ್ಲ ಅಂತ ತಿಳ್ಕೊಂಡು, ಈಗ ನೀವು ಹೇಳಿ."

ಬೇರೆಯವರಿಗೆ ಎರಡು ದಿನ ಕೂತು ವಾಕ್ಯ ತಿದ್ದಿಕೊಟ್ಟವನಿಗೆ ಒಂದು ಪದ ಸಿಗಲಿಲ್ಲ. ಕಡೆಗೆ ಹೇಗೆ ಬಂತೋ ಹಾಗೆ ಹೇಳಿದೆ. ನಾನು ಬರುವುದಿಲ್ಲ. ಎರಡು ವರ್ಷಕ್ಕೆ ಸಹಿ ಹಾಕಿದ್ದೇನೆ. ಕಮ್ಯೂನಿಯನ್ನಿಗೆ ರಜೆ ಸಿಗುವುದಿಲ್ಲ. ಯಾರೂ ಒತ್ತಾಯ ಮಾಡಿರಲಿಲ್ಲ, ನಾನೇ ಹೂಂ ಅಂದೆ, ನಿನಗೆ ಹೇಳಲು ಹೆದರಿದೆ. ಅಲ್ಲಿಗೆ ಬರಬೇಕೆಂದು ಎಷ್ಟು ಆಸೆಯಾಗುತ್ತದೆಂದರೆ, ಎಂದು ಶುರುಮಾಡಿದ್ದನ್ನು ಮುಗಿಸಲಾಗಲಿಲ್ಲ.

 ಆಚೆ ಕಡೆ ಅವಳು ಅಳತೊಡಗಿದಳು. ಬೆಳಿಗ್ಗೆ ಅಷ್ಟು ಜನರ ಎದುರು ಬಿಸ್ಕೆಟ್ ಬಡಿಸಿದವಳು, ದಿನವಿಡೀ ಫ್ರಾಕಿನ ತೋಳು ಮಡಿಸಿ ಹೊಲಿಗೆ ಹಾಕಿದವಳು, ಆ ಸುದ್ದಿಯನ್ನು ಆಗಷ್ಟೇ ಮೊದಲ ಸಲ ಕೇಳಿದವಳ ಹಾಗೆ ಅತ್ತಳು. ಕಾರ್ಡ್ ಮುಗಿದು ಲೈನ್ ತಾನಾಗಿ ಕಡಿಯುವವರೆಗೂ ನಾನು ಫೋನ್ ಇಡಲಿಲ್ಲ.